ಮ್ಯಾಮೊಗ್ರಾಂ ಆದಮೇಲೆ ‘ಇನ್ನೊಂದ್ಸಲ ಬನ್ನಿ’ ಅಂದರು: ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರ್ ಬಗ್ಗೆ

ಈ ಸೆಂಟರಿನ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿದೆ. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿನ ಡಾಕ್ಟರು, ಟೆಕ್ನಿಷಿಯನ್ ಇಬ್ಬರೂ ಕೆಲಸ ಬಲ್ಲವರು, ಮನುಷ್ಯರ ಹಾಗೆ ಮಾತಾಡುವವರು. ನನಗೆ ನೋವಾಗಿದ್ದು ಒಂದೇ ಒಂದು ಫೋನ್ ಕಾಲ್‌ನಿಂದ. ಅಷ್ಟಕ್ಕೆ ಆ ಜಾಗದ ಹೆಸರು ಕೆಡಿಸಲು ನನಗೆ ಮನಸ್ಸಿಲ್ಲ. ಆದರೆ ಆ ಕಾಲ್ ಬಗ್ಗೆ ಬರೆಯದೆ ಸುಮ್ಮನಿರಲೂ ಆಗುತ್ತಿಲ್ಲ. ಇಂಥ ಕಾಲ್ ನಿಮಗೂ ಬರಬಹುದು.

ನನಗೆ 52 ವರ್ಷ. ಮನೆಯ ಮುಂದಿನ ರೂಮಿನಲ್ಲಿ ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಟು 24 ವರ್ಷವಾಯಿತು. ಬ್ಲೌಸು, ಫಾಲ್, ಜಿಗ್‌ಜಾಗ್, ಕುಚ್ಚು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೆಲಸ ಕಮ್ಮಿ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ರಾಶಿ ಬೀಳುತ್ತವೆ, ಊಟಕ್ಕೂ ಏಳಲು ಆಗುವುದಿಲ್ಲ. ಅದಕ್ಕೇ ಕಣ್ಣು, ಹಲ್ಲು, ಶುಗರ್ ಎಲ್ಲವನ್ನೂ ಆಷಾಢದಲ್ಲೇ ತೋರಿಸಿಕೊಂಡುಬಿಡುತ್ತೇನೆ. ಈ ವರ್ಷ ಮ್ಯಾಮೊಗ್ರಾಂ, ಅಂದರೆ ಸ್ತನ ಕ್ಯಾನ್ಸರ್ ಇದೆಯಾ ಅಂತ ನೋಡುವ ಎಕ್ಸ್‌ರೇ, ಅದನ್ನೂ ಮಾಡಿಸಿದೆ.

ನನಗೆ ಗಂಟು, ನೋವು ಏನೂ ಇರಲಿಲ್ಲ. ಮಾಡಿಸಿದ್ದು ನನ್ನ ಒಬ್ಬ ಗಿರಾಕಿಯ ಮಾತಿಗೆ. ಹತ್ತು ವರ್ಷದಿಂದ ನನ್ನ ಹತ್ತಿರವೇ ಹೊಲಿಸುವವರು. ಹೋದ ವರ್ಷ ಆರು ತಿಂಗಳು ಕಾಣಲೇ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಬಾಗಿಲು ಹಾಕಿಸಿ, ಸೆರಗು ಸರಿಸಿ ತೋರಿಸಿದರು. ಎಡಗಡೆ ಚಪ್ಪಟೆ, ಉದ್ದಕ್ಕೆ ಒಂದು ಹೊಲಿಗೆ ಗುರುತು. “ಈ ಕಡೆ ಡಾಟ್ ಬೇಡ ಕಣ್ರಿ, ಏನಾದ್ರೂ ಮಾಡಿ ಎರಡೂ ಕಡೆ ಒಂದೇ ಥರ ಕಾಣೋ ಹಾಗೆ ಹೊಲ್ಕೊಡಿ” ಅಂದರು. ಲೈನಿಂಗ್ ಒಳಗೆ ಮಲ್‌ಮಲ್ ಬಟ್ಟೆಯ ಜೇಬು ಇಟ್ಟು ಹತ್ತಿ ತುಂಬಿದೆ. ಹಾಕಿಕೊಂಡು ನೋಡಿದರೆ ಹತ್ತಿ ತೀರಾ ಹಗುರ. ಕೈ ಎತ್ತಿದರೆ ಆ ಕಡೆಯ ಬ್ಲೌಸು ಮೇಲಕ್ಕೆ ಏರುತ್ತಿತ್ತು. ಬಿಚ್ಚಿ, ಹತ್ತಿಯ ಮಧ್ಯೆ ಒಂದು ಹಿಡಿ ಸಾಸಿವೆಯ ಪುಟ್ಟ ಚೀಲ ಇಟ್ಟು ಮತ್ತೆ ಹೊಲಿದೆ. ಆಗ ಸರಿ ಕೂತಿತು. ಕನ್ನಡಿ ಮುಂದೆ ತುಂಬಾ ಹೊತ್ತು ನಿಂತಿದ್ದರು. ಹೋಗುವಾಗ ನನ್ನ ಕೈ ಹಿಡಿದು, “ನೀವೊಂದ್ಸಲ ಮಾಡ್ಸಿ, ನಾನು ತಡ ಮಾಡಿದೆ” ಅಂದರು. ಆ ಮಾತು ಒಂದು ವರ್ಷ ನನ್ನ ತಲೆಯಲ್ಲೇ ಇತ್ತು.

ಬುಧವಾರ ಬೆಳಗ್ಗೆ ಹೋದೆ. ಎರಡೂ ಕಡೆಗೆ ಸೇರಿ 2,200 ರೂಪಾಯಿ. ಮುಟ್ಟು ಪೂರ್ತಿ ನಿಲ್ಲದವರು ಮುಟ್ಟಾಗಿ ಮುಗಿದ ವಾರದಲ್ಲೇ ಹೋಗಿ, ಆಗ ನೋವು ಕಮ್ಮಿ. ಸೀರೆ ಉಡಬಹುದು, ಚೂಡಿದಾರವೂ ಆಗಬಹುದು. ಉದ್ದನೆ ಒಂದೇ ನೈಟಿಯಂಥದ್ದು ಬೇಡ, ಸೊಂಟದ ಮೇಲಿನದಷ್ಟೇ ತೆಗೆಯಬೇಕಾಗುತ್ತದೆ. ಪೌಡರ್, ಡಿಯೋಡರೆಂಟ್ ಹಾಕಿಕೊಂಡು ಹೋಗಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕಿಗಳ ಹಾಗೆ ಕಾಣುತ್ತವಂತೆ. ನಾನು ಅಭ್ಯಾಸಬಲದಿಂದ ಪೌಡರ್ ಹಾಕಿಕೊಂಡೇ ಹೋಗಿದ್ದೆ. ಟೆಕ್ನಿಷಿಯನ್ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಕಂಕುಳವರೆಗೂ ಒರೆಸಿಸಿದಳು. ತಾಳಿಸರಕ್ಕೆ ಕೈ ಹಾಕಿ ನಿಂತಿದ್ದೆ. “ತೆಗೀಬೇಡಿ ಆಂಟಿ, ಬೆನ್ನ ಮೇಲಕ್ಕೆ ತಿರುಗಿಸ್ಕೊಳ್ಳಿ ಸಾಕು” ಅಂದಳು. ಅಷ್ಟು ಹೇಳಿದ್ದಕ್ಕೆ ನನಗೆ ಅರ್ಧ ಭಯ ಹೋಯಿತು.

ಅಲ್ಲಿ ಕೊಡುವ ಗೌನಿನ ಬಗ್ಗೆ ಒಂದು ಮಾತು. ಮುಂದೆ ತೆರೆಯುವ ಗೌನು, ಅದು ಸರಿ. ಆದರೆ ಮೂರು ಲಾಡಿಯಲ್ಲಿ ಎರಡು ಕಿತ್ತುಹೋಗಿದ್ದವು. ಹೊರಗಿನ ಬೆಂಚಿನಲ್ಲಿ ಕಾಯುವಾಗ ಒಂದು ಕೈಯಲ್ಲಿ ಎದೆ ಹತ್ತಿರ ಹಿಡಿದುಕೊಂಡೇ ಕೂರಬೇಕು. ಆ ಬೆಂಚಿನಲ್ಲಿ ನಾವು ನಾಲ್ವರಿದ್ದೆವು, ನಾಲ್ವರೂ ಹಾಗೇ ಹಿಡಿದುಕೊಂಡು ಕೂತಿದ್ದೆವು. ಲಾಡಿ ಹೊಲಿಯಲು ಎರಡು ನಿಮಿಷ ಸಾಕು. ಯಾರಾದರೂ ಒಬ್ಬರು ನೋಡಬೇಕಷ್ಟೇ.

ಮೆಷಿನ್ ಬಗ್ಗೆ ಜನ ಹೆದರಿಸುವಷ್ಟೇನೂ ಇಲ್ಲ. ಒಂದು ತಟ್ಟೆಯ ಮೇಲೆ ಎದೆ ಇಟ್ಟು, ಮೇಲಿನಿಂದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇಳಿಸಿ ಒತ್ತುತ್ತಾರೆ. ಒಂದೊಂದು ಕಡೆಗೂ ಎರಡು ಚಿತ್ರ, ಮೇಲಿನಿಂದ ಒಂದು, ಓರೆಯಾಗಿ ಒಂದು. ಒಟ್ಟು ನಾಲ್ಕು. ಓರೆ ಚಿತ್ರಕ್ಕೆ ಕಂಕುಳದ ಹತ್ತಿರ ಅಂಚು ಒತ್ತುತ್ತದೆ, ಅದು ನೋಯುತ್ತದೆ. ಆದರೆ ಕೆಲವೇ ಸೆಕೆಂಡು. “ಉಸಿರು ಹಿಡ್ಕೊಳ್ಳಿ... ಬಿಡಿ” ಅಂದ ತಕ್ಷಣ ಹಲಗೆ ತಾನೇ ಮೇಲಕ್ಕೆ ಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಹೊರಗೆ ಬಂದೆ. “ಶುಕ್ರವಾರ ರಿಪೋರ್ಟ್” ಅಂದರು.

ಆ ಶುಕ್ರವಾರ ಆಷಾಢ ಶುಕ್ರವಾರ. ಬೆಳಗಿನ ಜಾವವೇ ಪಕ್ಕದ ಮನೆಯವರ ಜೊತೆ ಲಲಿತಮಹಲ್ ಮೈದಾನದಿಂದ ಬಸ್ ಹತ್ತಿ ಬೆಟ್ಟಕ್ಕೆ ಹೋಗಿ, ತಾಯಿ ದರ್ಶನ ಮಾಡಿ ಬಂದಿದ್ದೆ. ಸಂಜೆ ಆರಕ್ಕೆ ಐದು ನಿಮಿಷ ಇತ್ತು. ಒಂದು ರೇಷ್ಮೆ ಬ್ಲೌಸಿಗೆ ಹುಕ್ ಹಾಕುತ್ತಿದ್ದೆ. ಫೋನ್ ಬಂತು.

“ಮೇಡಂ, ಸ್ಕ್ಯಾನಿಂಗ್ ಸೆಂಟರಿಂದ. ನಿಮ್ಮ ಮ್ಯಾಮೊಗ್ರಾಂ ನೋಡಿದಾರೆ. ಡಾಕ್ಟರು ಮತ್ತೆ ಕರೀತಿದಾರೆ. ಎಕ್ಸ್‌ಟ್ರಾ ಟೆಸ್ಟ್ ಮಾಡ್ಬೇಕಂತೆ.”

“ಯಾಕಮ್ಮ, ಏನಾಗಿದೆ?”

“ಅದೆಲ್ಲ ನಂಗೊತ್ತಿಲ್ಲ ಮೇಡಂ. ಸೋಮವಾರ ಹನ್ನೊಂದು ಗಂಟೆಗೆ ಬನ್ನಿ. ಜೊತೇಲಿ ಯಾರನ್ನಾದ್ರೂ ಕರ್ಕೊಂಡು ಬನ್ನಿ.”

ಇಟ್ಟೇಬಿಟ್ಟಳು. ನಾನು ತಿರುಗಿ ಮಾಡಿದೆ. ಎರಡು ಸಲ ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಸೆಂಟರು ಮುಚ್ಚುವ ಹೊತ್ತಾಗಿತ್ತು.

ಆ ಕೊನೆಯ ಮಾತು, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಅನ್ನುವುದು, ಅದೇ ನನ್ನನ್ನು ಕೊಂದಿದ್ದು. ಸಿನಿಮಾದಲ್ಲಿ, ಊರಲ್ಲಿ, ಎಲ್ಲಿ ಕೇಳಿದರೂ ಆ ಮಾತಿಗೆ ಒಂದೇ ಅರ್ಥ ಅಲ್ವಾ. ಹುಕ್ ಹಾಕುತ್ತಿದ್ದ ಬ್ಲೌಸು ತೊಡೆಯ ಮೇಲೇ ಇತ್ತು. ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಆಮೇಲೆ ಅಂಗಡಿಯ ಹುಡುಗಿ ಅಯಸ್ಕಾಂತ ಹಿಡಿದು ನೆಲವೆಲ್ಲ ಹುಡುಕಿದಳು. ಯಜಮಾನರಿಗೆ ರಾತ್ರಿ ಊಟ ಬಡಿಸಿ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಹೊದಿಕೆಯ ಒಳಗೆ ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ ಲೆಕ್ಕವಿಲ್ಲ. ಮುಟ್ಟಿ ಮುಟ್ಟಿ ಬೆಳಗಾಗುವಷ್ಟರಲ್ಲಿ ನಿಜಕ್ಕೂ ನೋಯುತ್ತಿತ್ತು.

ಶನಿವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸೆಂಟರಿನ ಮುಂದೆ ನಿಂತೆ. ಡಾಕ್ಟರ್ ಇರಲಿಲ್ಲ. ಕೌಂಟರಿನಲ್ಲಿ ಬೇರೆ ಹುಡುಗಿ. ರಿಪೋರ್ಟ್ ಪ್ರಿಂಟ್ ಕೇಳಿದೆ, ಕೊಟ್ಟಳು. ಕೊನೆ ಸಾಲಿನಲ್ಲಿ ‘ಬೈರಾಡ್ಸ್ 0’ ಅಂತಿತ್ತು. ಸೊನ್ನೆ ನೋಡಿ ಏನೂ ಇಲ್ಲ ಅಂತ ಅರ್ಥ ಮಾಡಿಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಖುಷಿಗೆ. ಫೋಟೋ ತೆಗೆದು ಬೆಂಗಳೂರಲ್ಲಿರುವ ಮಗಳಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವಳು ಫೋನ್ ಮಾಡಿದಳು.

“ಅಮ್ಮಾ, ಸೊನ್ನೆ ಅಂದ್ರೆ ಇಲ್ಲ ಅಂತಲ್ಲ. ಹಂಗಂತ ಇದೆ ಅಂತಾನೂ ಅಲ್ಲ. ಇನ್ನೂ ಹೇಳಕ್ಕಾಗಲ್ಲ, ಚಿತ್ರ ಸಾಲದು ಅಂತ ಅಷ್ಟೇ. ನೀನು ಅಳ್ಬೇಡ.”

ಇದನ್ನು ನಾನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸ್ತನದ ಸ್ಕ್ಯಾನ್ ರಿಪೋರ್ಟಿನ ಕೊನೆಯಲ್ಲಿ 0ಯಿಂದ 6ರವರೆಗೆ ಒಂದು ಅಂಕಿ ಹಾಕುತ್ತಾರೆ, ಅದಕ್ಕೇ ಬೈರಾಡ್ಸ್ ಅನ್ನುವುದು. 1 ಅಂದರೆ ಏನೂ ಇಲ್ಲ. 2 ಅಂದರೆ ಏನೋ ಇದೆ, ಆದರೆ ಅಪಾಯದ್ದಲ್ಲ. 3 ಅಂದರೆ ಬಹುತೇಕ ಅಪಾಯದ್ದಲ್ಲ, ಆದರೂ ಆರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಇದರಲ್ಲಿ ಕ್ಯಾನ್ಸರ್ ಇರುವುದು 100ಕ್ಕೆ 2ಕ್ಕಿಂತ ಜಾಸ್ತಿ ಇರುವುದಿಲ್ಲ. 4 ಬಂದರೆ ಅನುಮಾನ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬೇಕು. 4 ಬಂದವರಲ್ಲೂ ತುಂಬಾ ಜನಕ್ಕೆ ಕೊನೆಗೆ ಏನೂ ಇರುವುದಿಲ್ಲ. 5 ಅಂದರೆ ಕ್ಯಾನ್ಸರೇ ಇರುವ ಸಂಭವ 100ಕ್ಕೆ 95 ಅಥವಾ ಅದಕ್ಕೂ ಜಾಸ್ತಿ. 6 ಅನ್ನುವುದು ಮೊದಲೇ ಕ್ಯಾನ್ಸರ್ ಅಂತ ಪರೀಕ್ಷೆಯಲ್ಲಿ ಗೊತ್ತಾದವರಿಗೆ. ಸೊನ್ನೆ ಈ ಸಾಲಿಗೇ ಸೇರುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಅಂತ ಹೇಳುವ ಗುರುತು ಅದು.

ಮಗಳು ಇನ್ನೂ ಒಂದು ಲೆಕ್ಕ ಓದಿ ಹೇಳಿದಳು. ಅಮೆರಿಕದಲ್ಲಿ ಮ್ಯಾಮೊಗ್ರಾಂ ಮಾಡಿಸಿದ 100 ಹೆಂಗಸರಲ್ಲಿ ಹತ್ತಿರ ಹತ್ತು ಜನರನ್ನು ಮತ್ತೆ ಕರೆಯುತ್ತಾರೆ. ಹಾಗೆ ಕರೆಸಿಕೊಂಡವರಲ್ಲಿ ಕ್ಯಾನ್ಸರ್ ಸಿಗುವುದು ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ. ಇಂಗ್ಲೆಂಡಿನಲ್ಲಿ ಸರ್ಕಾರವೇ 50 ವರ್ಷ ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ಮಾಡಿಸುತ್ತದೆ. ಅಲ್ಲಿ 100ರಲ್ಲಿ ನಾಲ್ವರನ್ನು ಕರೆಯುತ್ತಾರೆ, ಆ ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ಮೊದಲನೇ ಸಲ ಮಾಡಿಸುವವರನ್ನು ಕರೆಯುವುದು ಜಾಸ್ತಿ, ಹೋಲಿಸಿ ನೋಡಲು ಹಳೆ ಚಿತ್ರ ಇರುವುದಿಲ್ಲವಲ್ಲ. ಈ ಲೆಕ್ಕ ಕೇಳಿ ನನ್ನ ಭಯ ಪೂರ್ತಿ ಹೋಗಲಿಲ್ಲ. ಆ ಒಬ್ಬರು ನಾನೇ ಯಾಕಾಗಿರಬಾರದು ಅಂತಲೂ ಅನಿಸಿತು. ಆದರೆ ಶನಿವಾರ ರಾತ್ರಿ ಮೂರು ಗಂಟೆ ನಿದ್ದೆ ಮಾಡಿದೆ. ಯಜಮಾನರಿಗೂ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಭಾನುವಾರ ನನ್ನನ್ನು ಅಡುಗೆಮನೆಗೆ ಬಿಡದೆ ತಾವೇ ಉಪ್ಪಿಟ್ಟು ಮಾಡಿದರು.

ಸೋಮವಾರ ಅದೇ ಟೆಕ್ನಿಷಿಯನ್ ಹುಡುಗಿ. ನನ್ನ ಮುಖ ನೋಡಿದ ಕೂಡಲೇ, “ಆಂಟಿ, ನಿದ್ದೆ ಮಾಡಿಲ್ಲ ಅಲ್ವಾ?” ಅಂದಳು. ಕೂರಿಸಿ ಬುಧವಾರದ ಚಿತ್ರವನ್ನು ಪರದೆ ಮೇಲೆ ತೋರಿಸಿದಳು. ಎಡಗಡೆ ಒಂದು ಕಡೆ ಬಿಳಿ ಒತ್ತಾಗಿದೆ. ಬಲಗಡೆ ಮೇಲ್ಭಾಗದಲ್ಲಿ ಒಂದು ದುಂಡನೆ ನೆರಳು. “ಇವೆರಡನ್ನೂ ಹತ್ತಿರದಿಂದ ನೋಡ್ಬೇಕು ಅಂದಿದಾರೆ ಡಾಕ್ಟರು. ಒಳಗಿನ ಪದರಗಳು ಒಂದರ ಮೇಲೊಂದು ಕೂತ್ರೂ ಹಿಂಗೇ ಕಾಣುತ್ತೆ” ಅಂದಳು. ಇದು ನನಗೆ ತಕ್ಷಣ ಅರ್ಥವಾಯಿತು. ತೆಳು ಬಟ್ಟೆ ಮಡಿಕೆ ಬಿದ್ದ ಕಡೆ ಬಣ್ಣ ಗಾಢವಾಗಿ ಕಾಣುತ್ತದಲ್ಲ, ಕೈಯಿಂದ ಸವರಿ ಹರಡಿದರೆ ಹೋಗುತ್ತದೆ. ಕಲೆಯಾದರೆ ಹೋಗುವುದಿಲ್ಲ. ಅವರು ಮಾಡಿದ್ದೂ ಅದನ್ನೇ. ಈ ಸಲ ದೊಡ್ಡ ಹಲಗೆ ಬದಲು ಅಂಗೈಯಷ್ಟು ಚಿಕ್ಕ ಹಲಗೆ ಹಾಕಿ, ಆ ಜಾಗವನ್ನಷ್ಟೇ ಒತ್ತಿ ಚಿತ್ರ ತೆಗೆದಳು. ಬುಧವಾರಕ್ಕಿಂತ ನೋವು ಜಾಸ್ತಿ ಇತ್ತು, ನಿಜ ಹೇಳುತ್ತೇನೆ. ಆದರೆ ಎಡಗಡೆಯ ಬಿಳಿ ಒತ್ತು ನನ್ನ ಕಣ್ಣೆದುರೇ ಹರಡಿ ಇಲ್ಲವಾಯಿತು.

ಬಲಗಡೆಯದು ಹೋಗಲಿಲ್ಲ. ಅದಕ್ಕೆ ಅಲ್ಟ್ರಾಸೌಂಡ್. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ ಬೋರ್ಡ್ ಹಾಕಿರುವ ಆ ರೂಮು. 27 ವರ್ಷದ ಹಿಂದೆ ಮಗಳು ಹೊಟ್ಟೆಯಲ್ಲಿದ್ದಾಗ ಇಂಥದ್ದೇ ರೂಮಿನಲ್ಲಿ ಮಲಗಿದ್ದೆ. ಜೆಲ್ ತಣ್ಣಗಿತ್ತು. ಡಾಕ್ಟರಮ್ಮ ನನ್ನ ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸಿ, ಪ್ರೋಬ್ ಆಡಿಸುತ್ತಾ ಒಂದು ಕಡೆ ನಿಲ್ಲಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೋಡಿ ಅಮ್ಮ, ಈ ಕಪ್ಪು ದುಂಡಗೆ ಕಾಣ್ತಿದೆಯಲ್ಲ, ಇದೇ. ಪೂರ್ತಿ ಕಪ್ಪು, ಅಂಚು ನುಣ್ಣಗಿದೆ. ಹಿಂದುಗಡೆ ಬೆಳ್ಳಗೆ ಬೆಳಕು ಬಿದ್ದ ಹಾಗಿದೆ. ಅಂದ್ರೆ ಒಳಗಡೆ ಬರೀ ನೀರು. ನೀರುಗುಳ್ಳೆ ಇದು, ಕ್ಯಾನ್ಸರ್ ಅಲ್ಲ.”

9 ಮಿಲಿಮೀಟರ್. ನನ್ನ ರೇಷ್ಮೆ ಬ್ಲೌಸಿಗೆ ಹಾಕುವ ಸಣ್ಣ ಗುಂಡಿಯಷ್ಟು. ಆ ಕಪ್ಪು ಚುಕ್ಕಿಯನ್ನು ನೋಡುತ್ತಾ ಮಲಗಿದ್ದೆ, ಕಣ್ಣಿಂದ ನೀರು ಕಿವಿಯ ಒಳಗೆ ಇಳಿಯುತ್ತಿತ್ತು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಟಿಶ್ಯೂ ಕೊಟ್ಟು, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನನ್ನದು ದಟ್ಟವಾದ ಸ್ತನವಂತೆ, ಅಂದರೆ ಕೊಬ್ಬು ಕಮ್ಮಿ, ಗ್ರಂಥಿ ಜಾಸ್ತಿ. ಕೊಬ್ಬು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಗ್ರಂಥಿ ಬಿಳಿ. ಗಂಟು ಇದ್ದರೆ ಅದೂ ಬಿಳಿ. ಬಿಳಿ ಬಟ್ಟೆ ಮೇಲೆ ಬಿಳಿ ದಾರದ ಹೊಲಿಗೆ ಹುಡುಕುವ ಹಾಗೆ. ಅದಕ್ಕೇ ದಟ್ಟ ಇರುವವರಿಗೆ ಎಷ್ಟೋ ಸಲ ಅಲ್ಟ್ರಾಸೌಂಡೂ ಬೇಕಾಗುತ್ತದೆ. ಎಕ್ಸ್‌ರೇ ಜಾಸ್ತಿ ಆಯಿತಾ ಅಂತ ಕೇಳಿದೆ. ನಾಲ್ಕು ಚಿತ್ರದ ಒಂದು ಮ್ಯಾಮೊಗ್ರಾಂನಿಂದ ಬೀಳುವುದು ನಾವು ಸುಮ್ನೆ ಓಡಾಡಿಕೊಂಡಿದ್ದರೂ ಸುಮಾರು ಏಳು ವಾರದಲ್ಲಿ ನಮ್ಮ ಮೇಲೆ ಬೀಳುವಷ್ಟು ವಿಕಿರಣ ಅಂದರು. ಅಲ್ಟ್ರಾಸೌಂಡಿನಲ್ಲಿ ಅದೂ ಇಲ್ಲ.

ಹೊಸ ರಿಪೋರ್ಟು ಅರ್ಧ ಗಂಟೆಯಲ್ಲೇ ಕೈಗೆ ಬಂತು. ಬೈರಾಡ್ಸ್ 2. ಯಜಮಾನರು ಹೊರಗೆ ಬೆಂಚಿನಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಕೂತಿದ್ದರು, ಮುಚ್ಚಳ ಕೂಡ ತೆಗೆದಿರಲಿಲ್ಲ.

ಇನ್ನು ದೂರು. ಸೋಮವಾರದ ಹೆಚ್ಚಿನ ಚಿತ್ರಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಒಳ್ಳೆಯದು. ಅಲ್ಟ್ರಾಸೌಂಡಿಗೆ 1,400 ಆಯಿತು. ಅದನ್ನು ಫೋನಿನಲ್ಲೇ ಹೇಳಬೇಕಿತ್ತು. ನನ್ನ ಹತ್ತಿರ ಇತ್ತು, ಕೊಟ್ಟೆ. ಎಲ್ಲರ ಪರ್ಸಿನಲ್ಲೂ ಇರುವುದಿಲ್ಲ.

ದೊಡ್ಡ ದೂರು ಆ ಫೋನ್ ಕಾಲಿನದೇ. ಬಿಲ್ ಕಟ್ಟಿದ ಮೇಲೆ ಮ್ಯಾನೇಜರನ್ನು ಕೇಳಿ ಅವರ ರೂಮಿಗೆ ಹೋಗಿ ಕೂತೆ. ಜಗಳ ಮಾಡಲಿಲ್ಲ. ಕಾಲ್ ಮಾಡುವ ಹುಡುಗಿಯರಿಗೆ ರಿಪೋರ್ಟ್ ವಿಷಯ ಮಾತಾಡಲು ಬಿಟ್ಟಿಲ್ಲ ಮೇಡಂ, ಡಾಕ್ಟರೇ ಹೇಳಬೇಕು ಅಂದರು. ಅದು ನನಗೂ ಒಪ್ಪಿಗೆಯೇ. ಆ ಹುಡುಗಿ ನನಗೆ ಏನಿದೆ, ಏನಿಲ್ಲ ಅಂತ ಹೇಳಬೇಕಾಗಿರಲಿಲ್ಲ. “ಚಿತ್ರ ಸಾಲಲಿಲ್ಲ, ಇನ್ನೂ ಕೆಲವು ತೆಗೀಬೇಕು. ಹೀಗೆ ಎಷ್ಟೋ ಜನರನ್ನು ಕರೀತೀವಿ, ಹೆಚ್ಚಿನವರಿಗೆ ಏನೂ ಇರಲ್ಲ. ಅಲ್ಟ್ರಾಸೌಂಡ್ ಬೇಕಾದ್ರೆ 1,400 ಆಗುತ್ತೆ. ಡಾಕ್ಟರ ಹತ್ರ ಮಾತಾಡ್ಬೇಕಾ?” ಇಷ್ಟು ಸಾಕಿತ್ತು. ಇಷ್ಟು ಹೇಳಲು ಅರ್ಧ ನಿಮಿಷವೂ ಬೇಡ. ನನಗೆ ಮೂರು ರಾತ್ರಿ ಉಳಿಯುತ್ತಿತ್ತು. ಶುಕ್ರವಾರ ಸಂಜೆ ಮುಚ್ಚುವ ಹೊತ್ತಿಗೆ ಇಂಥ ಕಾಲ್ ಮಾಡಲೇಬೇಡಿ, ಕೇಳಲು ಯಾರೂ ಸಿಗುವುದಿಲ್ಲ ಅಂತಲೂ ಹೇಳಿದೆ. ಅವರು ಒಂದು ಹಾಳೆ ಕೊಟ್ಟು, “ಹೇಗೆ ಹೇಳ್ಬೇಕು ಅಂತ ನೀವೇ ಬರೆದುಕೊಡಿ ಮೇಡಂ” ಅಂದರು. ಬರೆದುಕೊಟ್ಟೆ. ಜೊತೆಗೆ ಯಾರನ್ನಾದರೂ ಕರ್ಕೊಂಡು ಬನ್ನಿ ಅನ್ನುವ ಸಾಲನ್ನು ಹಾಗೆ ಒಂಟಿಯಾಗಿ ಹೇಳಬೇಡಿ, ಬೇಕಿದ್ದರೆ ಬರಬಹುದು ಅನ್ನಿ ಅಂತ ಕೆಳಗೆ ಸೇರಿಸಿದೆ.

ಅಂಗಡಿಯ ಹುಡುಗಿ ಇದನ್ನೆಲ್ಲ ಕೇಳಿ, “ಅಕ್ಕಾ, ನಮ್ಮಮ್ಮಂಗೂ ಮಾಡಿಸ್ಬೇಕಾ? ಅಷ್ಟು ದುಡ್ಡು ಎಲ್ಲಿಂದ ತರೋದು?” ಅಂದಳು. ಇದನ್ನು ಡಾಕ್ಟರಮ್ಮನ ಹತ್ತಿರವೇ ಫೋನಿನಲ್ಲಿ ಕೇಳಿದೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಹೆಂಗಸರಿಗೆ ಆಸ್ಪತ್ರೆಯ ನರ್ಸಮ್ಮಂದಿರೇ ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ, ದುಡ್ಡಿಲ್ಲ ಅಂದರು. ಅದನ್ನು ಹಗುರವಾಗಿ ನೋಡಬೇಡಿ ಅಂದರು. ಮುಂಬೈಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ 20 ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂದಿದೆ. ಅರ್ಧ ಜನಕ್ಕೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ತರಬೇತಿ ಪಡೆದ ಹೆಂಗಸರು ಕೈಯಿಂದ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವುದು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಕಮ್ಮಿಯಾಯಿತಂತೆ. ಮುಂದಿನ ಮಂಗಳವಾರ ಅಂಗಡಿ ಅರ್ಧ ದಿನ ಮುಚ್ಚಿ, ಹುಡುಗಿಯ ಅಮ್ಮನನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ.

ಸೆಂಟರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಹೋದ ವಾರ ನನ್ನ ನಾದಿನಿಯನ್ನೂ ಅಲ್ಲಿಗೇ ಕಳಿಸಿದೆ. ಅವಳನ್ನು ಮತ್ತೆ ಕರೆಯಲಿಲ್ಲ, ಹಾಗಾಗಿ ನಾನು ಬರೆದುಕೊಟ್ಟ ಹಾಳೆ ಕೆಲಸಕ್ಕೆ ಬಂದಿದೆಯಾ ಅಂತ ಗೊತ್ತಾಗಿಲ್ಲ. ಗೌನಿನ ಲಾಡಿ ಇನ್ನೂ ಹಾಗೇ ಇದೆಯಂತೆ. ಮುಂದಿನ ಆಷಾಢಕ್ಕೆ ನಾನೂ ಅಲ್ಲೇ ಹೋಗುತ್ತೇನೆ, ಸೂಜಿ ದಾರ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಹಳೆ ಚಿತ್ರ ತಂದರೆ ಹೋಲಿಸಿ ನೋಡಬಹುದು, ಸುಮ್ನೆ ಮತ್ತೆ ಕರೆಯುವುದು ತಪ್ಪುತ್ತದೆ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದಾರೆ. ಫಿಲ್ಮ್, ಸಿಡಿ, ಎರಡೂ ರಿಪೋರ್ಟು ಒಂದೇ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಡಿಕೆ ಬೀಳದ ಹಾಗೆ ಚಪ್ಪಟೆಯಾಗಿ ಇಟ್ಟಿದ್ದೇನೆ.